ಮೈಕ್ ಕೊಳ್ಳುವ ಮೊದಲು

ನಮ್ಮ ಕಾಲೇಜಿನ ಮಾಧ್ಯಮ ತಂಡ ಈ ವರ್ಷ ಒಂದು ಕೆಲಸ ಕೈಗೆತ್ತಿಕೊಂಡಿದೆ. ಮೈಸೂರಿನ ಬೀಟೆ ಮರದ ಇನ್ಲೇ ಕೆಲಸ ಮಾಡಿದ ಹಿರಿಯರನ್ನು ಮಾತನಾಡಿಸಿ, ಅವರ ಮಾತನ್ನು ವಿಡಿಯೋದಲ್ಲಿ ಉಳಿಸಿಡುವುದು. ಅರಮನೆಯ ಅಂಬಾವಿಲಾಸದ ಬಾಗಿಲಿನ ದಂತದ ಕುಸುರಿಯನ್ನು ಎಲ್ಲರೂ ನೋಡಿದ್ದೇವೆ. ಆ ಕಸುಬನ್ನು ಇಂದಿಗೂ ಹಿಡಿದುಕೊಂಡು ಬಂದವರಲ್ಲಿ ನಮ್ಮ ಸಮುದಾಯದವರು ಬಹಳ ಮಂದಿ. ನಮ್ಮ ಪಟ್ಟಿಯ ಮೊದಲ ಹೆಸರು ನನ್ನ ನಾನಾ ಅವರದು, ಅಂದರೆ ಅಮ್ಮಿಯ ತಂದೆ. ಅವರಿಗೆ ಈಗ 78 ವರ್ಷ. ಕೈ ಇನ್ನೂ ಗಟ್ಟಿ, ದನಿ ಮಾತ್ರ ಸಣ್ಣಗಾಗಿದೆ. ಅವರ ಪಕ್ಕ ಕೂತು ಕೆಲಸ ಮಾಡಿದವರಲ್ಲಿ ಉಳಿದವರು ಇಬ್ಬರೇ. ಆದ್ದರಿಂದ ಕ್ಯಾಮೆರಾಗೆ ಯಾವ ಮೈಕ್ ಕೊಳ್ಳಬೇಕು ಎಂಬುದು ನನಗೆ ಬರೀ ಸಾಮಾನಿನ ಪ್ರಶ್ನೆಯಾಗಿರಲಿಲ್ಲ.

ಚಿತ್ರ ಸ್ವಲ್ಪ ಮಸುಕಾದರೂ ನಾವು ನೋಡುತ್ತೇವೆ. ಮಾತು ಅರ್ಥವಾಗದಿದ್ದರೆ ಎರಡೇ ನಿಮಿಷಕ್ಕೆ ಬಿಟ್ಟೇಳುತ್ತೇವೆ. ಇದಕ್ಕೆ ಕಾರಣವಿದೆ. ಮಾತಿನ ಬಲ ಹೆಚ್ಚಾಗಿ ಸ್ವರಗಳಲ್ಲಿರುತ್ತದೆ, ಅರ್ಥ ಹೆಚ್ಚಾಗಿ ವ್ಯಂಜನಗಳಲ್ಲಿರುತ್ತದೆ. ಸ, ಶ, ಖ ಇಂಥ ಅಕ್ಷರಗಳ ಸದ್ದು ತೆಳು. ಫ್ಯಾನಿನ ಗಾಳಿಸದ್ದಿನಲ್ಲಿ ಮೊದಲು ಮುಳುಗುವುದು ಅವೇ. ನಾನಾ ಕನ್ನಡ, ದಖನಿ ಎರಡನ್ನೂ ಬೆರೆಸಿ ಮಾತಾಡುತ್ತಾರೆ. ದಖನಿಯಲ್ಲಿ ‘ಖಲಮ್’ ಎನ್ನುವಾಗ ಗಂಟಲಲ್ಲಿ ಹುಟ್ಟುವ ಆ ‘ಖ’ ನಮ್ಮ ಮನೆಗಳ ಗುರುತು. ಖುರಾನ್ ಪಠಣ ಕಲಿತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೀನ್ ಮತ್ತು ಸ್ವಾದ್ ಅಕ್ಷರಗಳ ನಡುವಿನ ವ್ಯತ್ಯಾಸಕ್ಕಾಗಿ ಉಸ್ತಾದರು ಎಷ್ಟು ಸಲ ನಿಲ್ಲಿಸಿ ಹೇಳಿಸಿಲ್ಲ! ಮೈಕ್ ಆ ವ್ಯತ್ಯಾಸವನ್ನು ಹಿಡಿಯದಿದ್ದರೆ ನಾನಾರ ಮಾತಿನ ಅರ್ಧ ಹೋದಂತೆ.

ಅಂಗಡಿಯಲ್ಲಿ ಕೇಳಿದರೆ ಮುಖ್ಯವಾಗಿ ಮೂರು ಬಗೆ ತೋರಿಸುತ್ತಾರೆ. ಒಂದು, ಕ್ಯಾಮೆರಾ ಮೇಲೆ ಕೂರುವ ಉದ್ದ ಕೊಳವೆಯಂಥ ಶಾಟ್‌ಗನ್ ಮೈಕ್. ಎರಡು, ಅದೇ ಜಾಗದಲ್ಲಿ ಕೂರುವ ಗಿಡ್ಡ ಮೈಕ್; ಇದು ಹೆಚ್ಚಾಗಿ ಕಾರ್ಡಿಯಾಯ್ಡ್, ಅಂದರೆ ಮುಂದಿನ ಸದ್ದನ್ನು ಚೆನ್ನಾಗಿ, ಪಕ್ಕದ್ದನ್ನು ಕಡಿಮೆ, ಹಿಂದಿನದನ್ನು ತೀರಾ ಕಡಿಮೆ ಹಿಡಿಯುತ್ತದೆ. ಮೂರು, ಅಂಗಿಗೆ ಸಿಕ್ಕಿಸುವ ಕಾಲರ್ ಮೈಕ್. ರೋಡ್ ಕಂಪನಿಯ ವಿಡಿಯೋಮೈಕ್ರೋ ಎರಡನೆಯ ಬಗೆ, ಬೋಯಾದ ಬಿವೈ-ಎಂ1 ಮೂರನೆಯದು. ಸ್ನೇಹಿತರಿಂದ ಎರವಲು ತಂದು ಮೂರೂ ಬಗೆಯನ್ನು ಒಂದೊಂದು ದಿನ ಬಳಸಿ ನೋಡಿದೆವು.

ಮೊದಲು ತಿಳಿದದ್ದು ಮೈಕಿನ ಬಗ್ಗೆ ಅಲ್ಲ, ದೂರದ ಬಗ್ಗೆ. ಮಸೀದಿಯಲ್ಲಿ ಇಮಾಮ್ ಸಾಹೇಬರು ಕಾಲರ್ ಮೈಕ್ ಹಾಕಿಕೊಳ್ಳುವುದನ್ನು ನೋಡಿದ್ದೇವೆ. ರುಕೂಗೆ ಬಾಗಿದರೂ ಸಜ್ದಾಕ್ಕೆ ಹೋದರೂ ಬಾಯಿಗೂ ಮೈಕಿಗೂ ನಡುವಿನ ದೂರ ಹೆಚ್ಚು ಬದಲಾಗುವುದಿಲ್ಲ, ದನಿಯೂ ಬದಲಾಗುವುದಿಲ್ಲ. ಭೌತಶಾಸ್ತ್ರದ ಪಾಠದಲ್ಲಿ ಓದುವ ವಿಲೋಮ ವರ್ಗ ನಿಯಮ ಇದೇ. ದೂರ ಎರಡು ಪಟ್ಟಾದರೆ ನೇರ ಬರುವ ದನಿ 6 ಡೆಸಿಬೆಲ್ ಇಳಿಯುತ್ತದೆ. ಫ್ಯಾನಿನ ಸದ್ದು, ಗೋಡೆಗೆ ಬಡಿದು ಬರುವ ಪ್ರತಿಧ್ವನಿ ಮಾತ್ರ ಕೋಣೆಯಲ್ಲಿ ಎಲ್ಲಿ ನಿಂತರೂ ಸುಮಾರು ಅಷ್ಟೇ ಇರುತ್ತವೆ. ಆರು ಅಡಿ ದೂರದ ಮೈಕನ್ನು ಒಂದೂವರೆ ಅಡಿಗೆ ತಂದರೆ ಮಾತಿಗೆ 12 ಡೆಸಿಬೆಲ್ ಲಾಭ. ಎಷ್ಟೇ ದುಬಾರಿ ಮೈಕ್ ಆದರೂ ದೂರ ಕೂತು ಈ ಲಾಭ ಕೊಡುವುದು ಕಷ್ಟ.

ಶಾಟ್‌ಗನ್ ಬಯಲಿನಲ್ಲಿ ಚೆನ್ನಾಗಿತ್ತು. ಕುವೆಂಪುನಗರದ ಒಂದು ಪಾರ್ಕಿನಲ್ಲಿ, ಪಕ್ಕದ ರಸ್ತೆಯಲ್ಲಿ ಆಟೋ ಓಡುತ್ತಿದ್ದಾಗಲೂ ಎದುರಿದ್ದವರ ಮಾತು ಬೇರೆಯಾಗಿ ಕೇಳಿತು. ನಾನಾರ ಕೆಲಸದ ಕೋಣೆಯಲ್ಲಿ ಅದೇ ಮೈಕ್ ಡಬ್ಬದೊಳಗಿಂದ ಮಾತಾಡಿದಂತೆ ಕೇಳಿಸಿತು. ಆ ಕೊಳವೆ ಪಕ್ಕದ ಸದ್ದುಗಳನ್ನು ಒಂದಕ್ಕೊಂದು ಡಿಕ್ಕಿ ಹೊಡೆಸಿ ಅಳಿಸುತ್ತದೆ. ಚಿಕ್ಕ ಕೋಣೆಯಲ್ಲಿ ನಾಲ್ಕೂ ಗೋಡೆಗಳಿಂದ ಅದೇ ಮಾತು ಮರಳಿ ಬಂದಾಗ ಆ ಅಳಿಸುವಿಕೆ ಸಮನಾಗಿರುವುದಿಲ್ಲ, ದನಿ ಟೊಳ್ಳಾಗುತ್ತದೆ.

ಕಾಲರ್ ಮೈಕಿನಲ್ಲಿ ಮಾತು ಬಹಳ ಸ್ವಚ್ಛ. ಬಿವೈ-ಎಂ1ರ ತಂತಿ ಆರು ಮೀಟರ್ ಉದ್ದ, ಬೆಲೆಯೂ ಕೈಗೆಟುಕುತ್ತದೆ. ಸುಮ್ಮನೆ ಕೂತು ಮಾತಾಡುವವರಿಗೆ ನಾನು ಇದನ್ನೇ ಹೇಳುತ್ತೇನೆ. ನಾನಾ ಸುಮ್ಮನೆ ಕೂರುವವರಲ್ಲ. “ಬಾಯಲ್ಲಿ ಹೇಳಿದ್ರೆ ಏನು ಗೊತ್ತಾಗುತ್ತೆ ಬೇಟಾ, ನೋಡು” ಎಂದು ಸಣ್ಣ ಗರಗಸ ಹಿಡಿದೇಬಿಟ್ಟರು. ತಂತಿ ತೋಳಿಗೆ ಸಿಕ್ಕಿತು, ಕುರ್ತಾ ಉಜ್ಜಿದ ಸದ್ದು ಮಾತಿನ ಮೇಲೆ ಬಂತು. ಅದಕ್ಕಿಂತ ಹೆಚ್ಚಾಗಿ, ಎದೆಯ ಮೇಲೆ ಮೈಕ್ ಇದ್ದಷ್ಟು ಹೊತ್ತೂ ಅವರು ಭಾಷಣದ ಕನ್ನಡ ಮಾತಾಡಿದರು. ತೆಗೆದ ಮೇಲೆ ಅವರ ಮಾತು ಅವರಿಗೆ ಮರಳಿತು.

ಕೊನೆಗೆ ನಾವು ಕೊಂಡದ್ದು ಗಿಡ್ಡ ಕಾರ್ಡಿಯಾಯ್ಡ್ ಮೈಕ್, ವಿಡಿಯೋಮೈಕ್ರೋ. ಬ್ಯಾಟರಿ ಬೇಡ, ಕ್ಯಾಮೆರಾದಿಂದಲೇ ವಿದ್ಯುತ್ ತೆಗೆದುಕೊಳ್ಳುತ್ತದೆ. ಗಾಳಿಗೆ ತುಪ್ಪಳದ ಟೋಪಿ ಜೊತೆಯಲ್ಲೇ ಬರುತ್ತದೆ. ಇದರೊಂದಿಗೆ ಮೂರು ಮೀಟರಿನ ಒಂದು ಎಕ್ಸ್‌ಟೆನ್ಷನ್ ತಂತಿ ತಂದೆವು. ನಿಜವಾದ ಆಯ್ಕೆ ಆ ತಂತಿಯೇ. ಕ್ಯಾಮೆರಾದಿಂದ ಮೈಕನ್ನು ಇಳಿಸಿ, ಒಂದು ಕೋಲಿಗೆ ಕಟ್ಟಿ, ನಾನಾರ ತಲೆಯಿಂದ ಒಂದೂವರೆ ಅಡಿ ಮೇಲೆ, ಚಿತ್ರಕ್ಕೆ ಬೀಳದ ಹಾಗೆ ಹಿಡಿದೆವು. ಕ್ಯಾಮೆರಾ ಮೈಕ್ ಚೆನ್ನಾಗಿ ಕೆಲಸ ಮಾಡುವುದು ಕ್ಯಾಮೆರಾ ಬಿಟ್ಟಾಗ!

ಕೊಳ್ಳುವವರಿಗೆ ಒಂದೆರಡು ಮಾತು. ಕ್ಯಾಮೆರಾದಲ್ಲಿ ಮೈಕ್ ತೂತು ಇದೆಯೇ ಎಂದು ಮೊದಲು ನೋಡಿ. ಕ್ಯಾಮೆರಾದ ಪಿನ್ನಿಗೆ ಎರಡು ಕಪ್ಪು ಗೆರೆ, ಫೋನಿನ ಪಿನ್ನಿಗೆ ಮೂರು. ಒಂದನ್ನು ಇನ್ನೊಂದಕ್ಕೆ ಹಾಕಿದರೆ ಸದ್ದು ಬಾರದೆ ಇರಬಹುದು. ಆಟೋ ಲೆವೆಲ್ ಆರಿಸಿ, ಗಟ್ಟಿ ಮಾತು ಮೈನಸ್ 12ರ ಹತ್ತಿರ ನಿಲ್ಲುವಂತೆ ಇಡಿ. ಫ್ಯಾನ್ ನಿಲ್ಲಿಸಿ, ಬೆವರು ಒರೆಸಿಕೊಳ್ಳಬಹುದು, ಸದ್ದನ್ನು ಒರೆಸಲಾಗದು. ಇಯರ್‌ಫೋನ್ ಹಾಕಿಕೊಂಡು ಒಬ್ಬರು ಕೇಳುತ್ತಲೇ ಇರಲಿ.

ನಮ್ಮ ಊರಿಗೂ ದನಿಗೂ ಹಳೆಯ ನಂಟು. ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಶುರು ಮಾಡಿದರು. ಅದರ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ದೇಶದ ರೇಡಿಯೋಗೆ ಬಂತು. ಅವರಿಗಿದ್ದ ಕಷ್ಟದ ಮುಂದೆ ನಮ್ಮದು ಏನೂ ಅಲ್ಲ. ಅಂಗೈಯಲ್ಲಿ ಹಿಡಿಯುವ ಮೈಕ್ ನಮ್ಮ ಬಳಿ ಇದೆ.

ನಾನಾರ ರೆಕಾರ್ಡಿಂಗಿನಲ್ಲಿ ನನಗೆ ಇಷ್ಟವಾದ ಭಾಗದಲ್ಲಿ ಮಾತೇ ಇಲ್ಲ. ಹೂವಿನ ಎಸಳಿನ ತಿರುವಿಗೆ ಗರಗಸ ಬಂದಾಗ ಅವರು ಉಸಿರು ಹಿಡಿಯುತ್ತಾರೆ, ತಿರುವು ದಾಟಿದ ಮೇಲೆ ಬಿಡುತ್ತಾರೆ. ಇಷ್ಟು ವರ್ಷ ಪಕ್ಕದಲ್ಲಿ ಕೂತಿದ್ದರೂ ಅದು ನನಗೆ ಕೇಳಿಸಿದ್ದು ಇಯರ್‌ಫೋನಿನಲ್ಲೇ. ಮೈಕ್ ಈಗ ಗ್ರಂಥಾಲಯದ ಬೀರುವಿನಲ್ಲಿದೆ. ರಿಜಿಸ್ಟರಿನಲ್ಲಿ ಸಹಿ ಹಾಕಿ ಯಾರು ಬೇಕಾದರೂ ಒಯ್ಯಬಹುದು. ನಿಮ್ಮ ಮನೆಯ ದಾದಿ, ನಾನಿ, ಅಜ್ಜ, ಅಜ್ಜಿಯರ ಮಾತು ಹಿಡಿದು ತನ್ನಿ. ಪರೀಕ್ಷೆ ಮುಗಿಯಲಿ ಎಂದು ಕಾಯಬೇಡಿ.