ಒಲೆಯ ಹಿಂದಿನ ತಗಡು

ಮೊನ್ನೆ ಊರಿಗೆ ಹೋದಾಗ ಅಡಿಗೆಮನೆಯ ತಗಡು ಕಿತ್ತೆ. ಒಲೆಯ ಹಿಂದಿನ ಗೋಡೆಗೆ ಅಪ್ಪ ಹೊಡೆಸಿದ್ದ ಅಲ್ಯೂಮಿನಿಯಂ ತಗಡು. ನಾನು ಎರಡನೇ ಕ್ಲಾಸಿನಲ್ಲಿದ್ದಾಗಿನಿಂದ ಅಲ್ಲೇ ಇತ್ತು. ಒಗ್ಗರಣೆಯ ಎಣ್ಣೆ, ಸಾರಿನ ಹುಳಿ ಎಲ್ಲಾ ಕುಡಿದು ಕಂದುಬಣ್ಣಕ್ಕೆ ತಿರುಗಿತ್ತು. "ಟೈಲ್ಸ್ ಹಾಕಿಸೋಣ" ಅಂದ್ರೆ ಅಮ್ಮ ಪ್ರತಿ ಸಲ "ಇರ್ಲಿ ಬಿಡೋ" ಅನ್ನೋಳು. ಈ ಸಲ ಹೇಗೋ ಒಪ್ಪಿದಳು.

ಸಿಲಿಂಡರ್ ಹೊರಗಿಟ್ಟು ಶುರು ಮಾಡಿದೆ. ಹತ್ತು ನಿಮಿಷದ ಕೆಲಸ ಅಂದುಕೊಂಡಿದ್ದೆ (ನಮ್ಮ ಆಫೀಸಿನ ಎಸ್ಟಿಮೇಟುಗಳ ಥರ!). ಎಂಟು ಸ್ಕ್ರೂ. ಒಂದೂ ತಿರುಗಲಿಲ್ಲ. ಸ್ಕ್ರೂ ಉಕ್ಕಿನದು, ತಗಡು ಅಲ್ಯೂಮಿನಿಯಂ. ನಡುವೆ ಉಪ್ಪು-ಹುಳಿಯ ತೇವ ಸೇರಿದರೆ ಅದೊಂದು ಪುಟ್ಟ ಬ್ಯಾಟರಿ. ಅಲ್ಯೂಮಿನಿಯಂ ಸವೆದು ಸ್ಕ್ರೂ ಸುತ್ತ ಬಿಳಿ ಪುಡಿಯಾಗಿ ಗಟ್ಟಿ ಕೂರುತ್ತೆ. ಎಂಜಿನಿಯರಿಂಗ್ ಕೆಮಿಸ್ಟ್ರಿಯಲ್ಲಿ ಇದನ್ನೇ ಉರು ಹೊಡೆದು ಬರೆದಿದ್ದೆ, ಕಣ್ಣಾರೆ ನೋಡಿದ್ದು ಮಾತ್ರ ಈಗ. ಸ್ಕ್ರೂ ಚಿಕ್ಕದು, ತಗಡು ದೊಡ್ಡದು, ಅದಕ್ಕೇ ನಿಧಾನವಾಗಿ ಸವೆದು ಇಷ್ಟು ವರ್ಷ ಬಾಳಿದೆ. ಉಕ್ಕಿನ ತಗಡಿಗೆ ಅಲ್ಯೂಮಿನಿಯಂ ಸ್ಕ್ರೂ ಹಾಕಿದ್ದರೆ ಸ್ಕ್ರೂ ಬೇಗ ಸವೆದು ತಗಡು ಯಾವತ್ತೋ ಬೀಳ್ತಿತ್ತು.

ಕೊನೆಗೆ ಸ್ಕ್ರೂ ತಲೆಗಳನ್ನು ಡ್ರಿಲ್ಲಿನಿಂದ ಕೊರೆದು ಹಾರಿಸಿ, ಉಳಿಗೆ ಮರದ ತುಂಡು ಆನಿಸಿ ಮೀಟಿದೆ. (ಅಂಚು ಬ್ಲೇಡಿನ ಹಾಗಿರುತ್ತೆ, ಗ್ಲೌಸ್ ಇಲ್ಲದೆ ಮುಟ್ಟಬೇಡಿ.)

ತಗಡಿನ ಹಿಂದೆ ಜಿರಲೆ ಮೊಟ್ಟೆ ನಿರೀಕ್ಷಿಸಿದ್ದೆ. ಅವೂ ಇದ್ದವು. ಆದರೆ ಅವುಗಳ ಹಿಂದೆ ಗೋಡೆ ಎದೆಯೆತ್ತರಕ್ಕೆ ಕಪ್ಪಗೆ ಸುಟ್ಟಿತ್ತು. ಗಾರೆ ಬಿರುಕು ಬಿಟ್ಟಿತ್ತು.

ಅಮ್ಮ ಬಾಗಿಲಲ್ಲಿ ನಿಂತಿದ್ದಳು. "ಪಂಪ್ ಸ್ಟೋವು" ಅಂದಳು, ಅಷ್ಟೆ. ಸ್ವಲ್ಪ ಹೊತ್ತಾದ ಮೇಲೆ ಉಳಿದದ್ದು ಹೇಳಿದಳು. ಅವತ್ತು ಗ್ಯಾಸ್ ಮುಗಿದಿತ್ತಂತೆ. ಬರ್ನರ್ ಸರಿಯಾಗಿ ಕಾಯೋ ಮೊದಲೇ ಪಂಪ್ ಹೊಡೆದಳಂತೆ, ಸೀಮೆಎಣ್ಣೆ ಆವಿಯಾಗದೆ ಹಾಗೇ ಚಿಮ್ಮಿ ಭಗ್ ಅಂತು. ಸೆರಗಿಗೆ ಹತ್ತಿತು. ಅಪ್ಪ ಒದ್ದೆ ಗೋಣಿಚೀಲ ಸುತ್ತಿ ಆರಿಸಿದರು. ನಾನು ಸ್ಕೂಲಿನಲ್ಲಿದ್ದೆ. ಅದೇ ವಾರ ತಗಡು ಬಂತು.

ಅವಳ ಎಡಗೈ ಮೇಲಿನ ಕಲೆ "ಎಣ್ಣೆ ಸಿಡಿದದ್ದು" ಅಂತ ಇಷ್ಟು ವರ್ಷ ನಂಬಿದ್ದೆ. ಅಪ್ಪ ತೀರಿಕೊಂಡು ನಾಲ್ಕು ವರ್ಷ. ಅವರೂ ಒಂದು ಮಾತು ಹೇಳಲಿಲ್ಲ.

ತಗಡನ್ನು ಇಟ್ಟುಕೊಳ್ಳೋಣ ಅಂದುಕೊಂಡೆ. ಸಂಜೆ ಬರೋಷ್ಟರಲ್ಲಿ ಅಮ್ಮ ಚೌಕಾಸಿ ಮಾಡಿ ಗುಜರಿಯವನಿಗೆ ಕೊಟ್ಟುಬಿಟ್ಟಿದ್ದಳು. "ಟೈಲ್ಸು ಬಿಳೀದು ಬೇಡ ಕಣೋ, ಕೊಳೆ ಕಾಣ್ಸತ್ತೆ" ಅಂದಳು.