ಎರಡನೆಯ ತೆರೆ

ಬೇಲಿಯ ಕಿಂಡಿಯಲ್ಲಿ ಕಣ್ಣಿಟ್ಟವನು ತೇರನ್ನು ನೋಡಿದೆನೆಂದು ಹೇಳಿಕೊಳ್ಳಬಹುದು. ಅವನು ಕಂಡದ್ದು ಚಕ್ರವನ್ನೋ ಕಲಶವನ್ನೋ ಮಾತ್ರ. ಈ ಮಾತು ನನಗೆ ಮನದಟ್ಟಾದುದು ತಂದೆಯವರು ತೀರಿಕೊಂಡ ವರ್ಷ.

ತಂದೆಯವರು ಯಕ್ಷಗಾನದ ಮದ್ದಳೆಗಾರರಾಗಿದ್ದರು. ಅವರು ಕೊನೆಯ ಬಾರಿಗೆ ಮದ್ದಳೆ ನುಡಿಸಿದ ಆಟವನ್ನು ನಾನು ಕ್ಯಾಮೆರಾದಲ್ಲಿ ಸೆರೆಹಿಡಿದಿದ್ದೆ. ವರ್ಷಾಂತಿಕದ ದಿನ ಬಂಧುಗಳಿಗೆ ತೋರಿಸಬೇಕೆಂದು ಅದರ ಸಂಕಲನಕ್ಕೆ ಕುಳಿತೆ. ನನ್ನ ಲ್ಯಾಪ್‌ಟಾಪಿನ ತೆರೆ 14 ಅಂಗುಲದ್ದು. ತುಣುಕುಗಳನ್ನು ಸಾಲಾಗಿ ಜೋಡಿಸುವ ಟೈಮ್‌ಲೈನ್ ಅದರ ಕೆಳಗಿನ ಅರ್ಧವನ್ನು ಆಕ್ರಮಿಸಿತ್ತು. ಪಕ್ಕದಲ್ಲಿ ತುಣುಕುಗಳ ಪಟ್ಟಿ. ಉಳಿದ ಅಂಗೈಯಗಲದ ಜಾಗವೇ ರಂಗಸ್ಥಳ. ಮುಂದೆ ಕುಣಿಯುವ ವೇಷಧಾರಿ ಕಾಣುತ್ತಿದ್ದ. ಹಿಂದೆ ಕುಳಿತ ಹಿಮ್ಮೇಳದವರ ಮುಖ ತಿಳಿಯುತ್ತಿರಲಿಲ್ಲ. ವೇಷ ಒಳಗೆ ತೆರಳಿದ ಮೇಲಿನ ಭಾಗಗಳನ್ನೆಲ್ಲ ವ್ಯರ್ಥವೆಂದು ಧಾರಾಳವಾಗಿ ಕತ್ತರಿಸಿದೆ.

ಕಣ್ಣು ಸೋತಾಗ 27 ಅಂಗುಲದ ಮಾನಿಟರೊಂದನ್ನು ಕೊಂಡುಕೊಂಡೆ. ಎಚ್‌ಡಿಎಂಐ ಕೇಬಲ್ಲಿನಿಂದ ಎರಡನ್ನೂ ಜೋಡಿಸಿ, ಮಂಗಳಾರತಿಗೆ ಕಾದ ಭಕ್ತನಂತೆ ನಿಂತೆ. ತೆರೆ ಕಪ್ಪಾಗಿಯೇ ಉಳಿಯಿತು. ಕೇಬಲ್ಲನ್ನು ಕಿತ್ತೆ, ಸಿಕ್ಕಿಸಿದೆ, ಅಂಗಡಿಯವನನ್ನು ಮನಸ್ಸಿನಲ್ಲೇ ಶಪಿಸಿದೆ. ಮಗಳು ಬಂದು, “ಅಪ್ಪಾ, ಚಿತ್ರ ಯಾವ ಕಿಂಡಿಯಿಂದ ಬರುತ್ತದೆಂದು ಮಾನಿಟರಿಗೆ ನೀವು ಹೇಳಲೇ ಇಲ್ಲವಲ್ಲ!” ಎಂದು ನಗುತ್ತ ಗುಂಡಿಯೊತ್ತಿದಳು. ಚಿತ್ರ ಬಂತು, ಆದರೆ ಎರಡು ತೆರೆಗಳಲ್ಲಿಯೂ ಒಂದೇ ಚಿತ್ರ! ವಿಂಡೋಸ್ ಕೀಲಿಯೊಡನೆ ‘ಪಿ’ ಅಕ್ಷರವನ್ನು ಒತ್ತಿ, ನಕಲನ್ನು ಬಿಟ್ಟು ವಿಸ್ತರಣೆಯನ್ನು ಆರಿಸಿದ ಮೇಲೆ ಉಪಕರಣಗಳನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ಉಳಿಸಿ, ರಂಗಸ್ಥಳವನ್ನು ದೊಡ್ಡ ತೆರೆಗೆ ಸಾಗಿಸಿದೆ.

ಆದರೂ ಮೌಸಿನ ಬಾಣ ಕುಂಟುತ್ತಿತ್ತು. ನನ್ನ ಹಳೆಯ ಲ್ಯಾಪ್‌ಟಾಪಿನದು 2009ರಲ್ಲಿ ಬಂದ 1.4ನೆಯ ಆವೃತ್ತಿಯ ಎಚ್‌ಡಿಎಂಐ. ಮಾನಿಟರಿನ 3840×2160 ಬಿಂದುಗಳನ್ನು ಅದು ಸೆಕೆಂಡಿಗೆ 30 ಸಲ ಮಾತ್ರ ಕಳುಹಿಸಬಲ್ಲದು. 60 ಸಲ ಕಳುಹಿಸುವ ಶಕ್ತಿ 2013ರ 2.0 ಆವೃತ್ತಿಯೊಡನೆ ಬಂದಿತು. ನನ್ನ ಚಿತ್ರವಾದರೋ 1920×1080 ಬಿಂದುಗಳದ್ದು. ತೆರೆಯನ್ನೂ ಅದೇ ಅಳತೆಗೆ ಇಳಿಸಿದೆ. 60 ಸಲ ದೊರೆಯಿತು, ಕುಂಟು ನಿಂತಿತು.

ಬಳಿಕ ಮೂಲಚಿತ್ರವನ್ನು ಮೊದಲಿನಿಂದ ನೋಡತೊಡಗಿದೆ. ವೇಷ ಒಳಗೆ ಹೋಯಿತು. ತಂದೆಯವರು ಮದ್ದಳೆಯ ಮೇಲೆ ಅಂಗೈಯಿರಿಸಿ, ಕ್ಯಾಮೆರಾ ಹಿಡಿದಿದ್ದ ನನ್ನತ್ತ ನೋಡಿ ನಕ್ಕರು. ಅಂದು ಆಟದ ಗದ್ದಲದಲ್ಲಿ ಅದು ನನಗೆ ಕಂಡಿರಲಿಲ್ಲ. ನಾನು ವ್ಯರ್ಥವೆಂದು ಕತ್ತರಿಸಿದ ತುಣುಕಿನಲ್ಲಿ ಆ ನಗು ಇತ್ತು.

ಪುಣ್ಯವಶಾತ್ ಕಂಪ್ಯೂಟರಿನ ಕತ್ತರಿ ಫಿಲ್ಮಿನ ಕತ್ತರಿಯಲ್ಲ. ಅದು ಮೂಲವನ್ನು ಮುಟ್ಟದೆ, ಎಲ್ಲಿಂದ ಎಲ್ಲಿಯವರೆಗೆ ತೋರಿಸಬೇಕೆಂಬುದನ್ನಷ್ಟೇ ಬರೆದಿಟ್ಟುಕೊಳ್ಳುತ್ತದೆ. ಆದುದರಿಂದ ನಗು ಮರಳಿ ತನ್ನ ಜಾಗಕ್ಕೆ ಬಂದಿತು. ಕತ್ತರಿಸುವ ಮೊದಲು ಪೂರ್ತಿಯಾಗಿ ನೋಡಬೇಕೆಂಬುದನ್ನು ನಾನು ಕಲಿತದ್ದು ಹೀಗೆ.

ವರ್ಷಾಂತಿಕದ ದಿನ ಆ ತುಣುಕು ಮುಗಿದಾಗ ಬಂಧುಗಳು ಸುಮ್ಮನಿದ್ದರು. ಮೂಲೆಯಲ್ಲಿ ಕುಳಿತಿದ್ದ ತಾಯಿಯವರು, “ಮಗಾ, ಅದನ್ನು ಇನ್ನೊಮ್ಮೆ ತೋರಿಸು” ಎಂದರು.