ಇಂಡಿಯ ಲಿಂಬೆ ತೋಟಗಳಲ್ಲಿ

ವಿಜಯಪುರದಿಂದ ಇಂಡಿಗೆ ಹೋಗುವ ದಾರಿಯುದ್ದಕ್ಕೂ ಬಯಲು ಹಬ್ಬಿದೆ. ಎಡಬಲಗಳಲ್ಲಿ ಜೋಳ, ತೊಗರಿ, ಕಡಲೆಯ ಹೊಲಗಳು. ಬದುವಿನ ಮೇಲೆ ಅಲ್ಲೊಂದು ಇಲ್ಲೊಂದು ಜಾಲಿಯ ಗಿಡ. ಉತ್ತರದ ಗಡಿಯಲ್ಲಿ ಭೀಮಾ ನದಿ ಹರಿಯುತ್ತದೆಯಾದರೂ ಈ ಸೀಮೆಯ ಬಹುಪಾಲು ನೆಲ ಮಳೆಯ ದಾರಿ ಕಾಯುವಂಥದು. ಇಂತಹ ಒಣನಾಡಿನ ನಡುವೆ ಕಡುಹಸಿರಿನ ತೋಟಗಳು ಎದುರಾದಾಗ ಕಣ್ಣಿಗೆ ತಂಪೆನಿಸುತ್ತದೆ. ಅವು ಲಿಂಬೆಯ ತೋಟಗಳು. ತೆಳುವಾದ ಸಿಪ್ಪೆ, ತುಂಬು ರಸ, ಒಳ್ಳೆಯ ಪರಿಮಳಗಳಿಂದ ಹೆಸರಾದ ‘ಇಂಡಿ ಲಿಂಬೆ’ಗೆ 2023ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆತಿದೆ.

ನಾವು ಈ ತೋಟಗಳನ್ನು ನೋಡಲು ಹೋದದ್ದು ಒಂದು ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು. ಲಿಂಬೆಯ ಗಿಡವನ್ನು ಟೊಂಗೆಯ ಕಡ್ಡಿ ನೆಟ್ಟು ಬೆಳೆಸಿದರೆ ಎರಡು ಮೂರು ವರ್ಷಗಳಲ್ಲಿ ಕಾಯಿ ಕಾಣಬಹುದು. ಬೀಜದ ಸಸಿಗಾದರೆ ನಾಲ್ಕೈದು ವರ್ಷ ಕಾಯಬೇಕು. ಹೀಗಿದ್ದೂ ಬಹುಮಟ್ಟಿಗೆ ರೈತರು ಬೀಜದ ಸಸಿಯನ್ನೇ ನೆಚ್ಚಿಕೊಂಡಿರುವುದು ಏಕೆ?

ಕಡ್ಡಿಯಿಂದ ಗಿಡ ಮಾಡುವುದು ಕಷ್ಟದ ವಿದ್ಯೆಯಲ್ಲ. ರೋಗವಿಲ್ಲದ, ಚೆನ್ನಾಗಿ ಫಲ ಕೊಡುತ್ತಿರುವ ಮರದಿಂದ ಪೆನ್ಸಿಲಿನಷ್ಟು ದಪ್ಪದ, ಗೇಣುದ್ದದ ಟೊಂಗೆಯನ್ನು ಆರಿಸಿಕೊಳ್ಳಬೇಕು. ಅದರಲ್ಲಿ ನಾಲ್ಕೈದು ಗೆಣ್ಣುಗಳಿರಬೇಕು. ಕೆಳಗಿನ ಎಲೆಗಳನ್ನು ತೆಗೆದು, ಮೂರರಲ್ಲಿ ಎರಡು ಭಾಗ ಹುದುಗುವಂತೆ ಮರಳು ಬೆರೆತ ಮಣ್ಣಿನಲ್ಲಿ ನೆಟ್ಟು, ನೆರಳಿನಲ್ಲಿ ಹದವಾದ ತೇವವನ್ನು ಕಾಯ್ದರೆ ಒಂದೂವರೆ ಎರಡು ತಿಂಗಳಲ್ಲಿ ಬೇರು ಬಿಡುತ್ತದೆ. ಮಳೆಗಾಲ ಇದಕ್ಕೆ ಒಳ್ಳೆಯ ಕಾಲ. ಲಿಂಬೆ, ಗಜಲಿಂಬೆ, ಮಾದಲಗಳು ಹೀಗೆ ಸುಲಭವಾಗಿ ಬೇರೂರುತ್ತವೆ. ಕಿತ್ತಳೆ, ಮೋಸಂಬಿಗಳು ಅಷ್ಟು ಬೇಗ ಒಲಿಯುವುದಿಲ್ಲ. ಫಲಕ್ಕೆ ಬಂದ ಮರದ ಟೊಂಗೆ ತನ್ನ ಪ್ರಾಯವನ್ನು ಮರೆಯುವುದಿಲ್ಲ. ಆದ್ದರಿಂದಲೇ ಅಂತಹ ಗಿಡ ಮೊಳಕಾಲೆತ್ತರವಿರುವಾಗಲೇ ಹೂ ಬಿಡುವುದುಂಟು. ಆ ಮೊದಲ ಹೂಗಳನ್ನು ಮರುಗದೆ ಚಿವುಟಿದರೆ ಗಿಡಕ್ಕೆ ಬಲ ಬರುತ್ತದೆ.

ಒಂದು ತೋಟದಲ್ಲಿ ತಂದೆ ಮಗ ಇಬ್ಬರೂ ಈ ವಿಷಯದ ಚರ್ಚೆಯಲ್ಲಿಯೇ ಇದ್ದರು. ಹೊಸದಾಗಿ ಒಂದು ಎಕರೆ ಹಚ್ಚಬೇಕೆಂದು ಗುರುತು ಹಾಕಿದ್ದರು. “ಐದ ವರ್ಷ ಕಾಯೂದಂದ್ರ ಬ್ಯಾಂಕಿನ ಬಡ್ಡಿ ಕಾಯತೈತೇನ್ರಿ?” ಎಂದು ಮಗ ನಮ್ಮನ್ನೇ ಕೇಳಿದರು. ತಂದೆಯವರು ನಕ್ಕು, “ಕಡ್ಡಿ ಗಿಡಕ್ಕ ತಾಯಿಬೇರ ಇರಂಗಿಲ್ರಿ. ಬ್ಯಾಸಿಗಿ ಬಿರಸಾತಂದ್ರ ಮೊದಲ ಅದ ಬಾಡತೈತಿ” ಎಂದರು.

ಇಬ್ಬರ ಮಾತಿನಲ್ಲಿಯೂ ಸತ್ಯವಿದೆ. ಬೀಜದ ಸಸಿಯ ತಾಯಿಬೇರು ನೆಲದಾಳಕ್ಕೆ ಇಳಿಯುತ್ತದೆ. ಕಡ್ಡಿಯ ಬೇರುಗಳು ಮೇಲ್ಮಣ್ಣಿನಲ್ಲಿ ಹರಡುತ್ತವೆ. ಬಿರುಗಾಳಿ, ಬರಗಳು ಬಂದಾಗ ಈ ಅಂತರ ಎದ್ದು ಕಾಣುತ್ತದೆ. ಇನ್ನೊಂದು ಕಾರಣವೂ ಉಂಟು. ಕಡ್ಡಿಯನ್ನು ರೋಗಿಷ್ಟ ಮರದಿಂದ ತೆಗೆದರೆ ಟ್ರಿಸ್ಟೆಜಾದಂತಹ ವೈರಾಣು ರೋಗ ಹೊಸ ಗಿಡಕ್ಕೂ ಬರುತ್ತದೆ. ಬೀಜದ ಮೂಲಕ ಆ ರೋಗ ದಾಟುವುದಿಲ್ಲ. ಬೀಜದಿಂದ ಬಂದ ಗಿಡ ತಾಯಿಯಂತೆ ಇರಲಾರದೆಂಬ ಭಯವೂ ಲಿಂಬೆಯ ಮಟ್ಟಿಗೆ ಅಷ್ಟಾಗಿ ಇಲ್ಲ. ಒಂದೇ ಬೀಜದಿಂದ ಎರಡು ಮೂರು ಮೊಳಕೆಗಳು ಏಳುವುದನ್ನು ಅನೇಕರು ಕಂಡಿರಬಹುದು. ಅವುಗಳಲ್ಲಿ ಹೆಚ್ಚಿನವು ಪರಾಗದ ಸಂಪರ್ಕವಿಲ್ಲದೆ ತಾಯಿಯ ಅಂಗಾಂಶದಿಂದಲೇ ಹುಟ್ಟುವುದರಿಂದ ಗುಣದಲ್ಲಿ ತಾಯಿಯನ್ನೇ ಹೋಲುತ್ತವೆ. ಸೊರಗಿದ ಮತ್ತು ಅತಿಯಾಗಿ ಬೇರೆಯಾಗಿ ಕಾಣುವ ಸಸಿಗಳನ್ನು ಮಡಿಯಲ್ಲಿಯೇ ಕಿತ್ತು ಹಾಕಿದರಾಯಿತು.

ಆದರೆ ಕಾಯುವ ಆ ನಾಲ್ಕೈದು ವರ್ಷಗಳಲ್ಲಿ ಸಂಸಾರ ಸಾಗಬೇಕಲ್ಲ! ಇಪ್ಪತ್ತು ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 110 ಗಿಡಗಳು ಹಿಡಿಯುತ್ತವೆ. ನಡುವಿನ ನೆಲದಲ್ಲಿ ಉಳ್ಳಾಗಡ್ಡಿ, ಶೇಂಗಾ, ಹೆಸರು ಬೆಳೆದು ದಿನ ದೂಡುವುದು ರೂಢಿ. ಮನೆಯ ಹೆಣ್ಣುಮಕ್ಕಳ ದುಡಿಮೆಯೇ ಈ ವರ್ಷಗಳನ್ನು ದಾಟಿಸುತ್ತದೆ ಎಂದರೆ ಅತಿಶಯೋಕ್ತಿಯಲ್ಲ. ಮಕ್ಕಳ ಶಾಲೆಯ ಖರ್ಚು ಶೇಂಗಾದಿಂದ, ಸಂತೆಯ ಖರ್ಚು ಉಳ್ಳಾಗಡ್ಡಿಯಿಂದ ಎಂದು ಆ ಮನೆಯ ತಾಯಿಯವರು ನಮಗೆ ಬೆರಳೆಣಿಸಿ ಲೆಕ್ಕ ಹೇಳಿದರು.

ಗಿಡ ಫಲಕ್ಕೆ ಬಂದ ಮೇಲೂ ಕಾಯುವಿಕೆ ತಪ್ಪದು. ಹೂವು ಹಣ್ಣಾಗಲು ಐದಾರು ತಿಂಗಳು ಬೇಕು. ಮಳೆಗಾಲದಲ್ಲಿ ಮಾರುಕಟ್ಟೆ ತುಂಬಿ ಬೆಲೆ ಕುಸಿದರೆ ಬಿಡಿಸುವ ಕೂಲಿಯೂ ಗಿಟ್ಟುವುದಿಲ್ಲ. ಬೇಸಿಗೆಯಲ್ಲಿ ಅದೇ ಹಣ್ಣಿಗೆ ಬಂಗಾರದ ಬೆಲೆ. 2022ರ ಏಪ್ರಿಲ್‌ನಲ್ಲಿ ದೇಶದ ಹಲವು ನಗರಗಳಲ್ಲಿ ಕಿಲೋ ಲಿಂಬೆಯ ಬೆಲೆ 200 ರೂಪಾಯಿಗಳನ್ನು ದಾಟಿದ್ದು ಓದುಗರಿಗೆ ನೆನಪಿರಬಹುದು. ಬೇಸಿಗೆಗೆ ಹಣ್ಣು ಸಿಗಬೇಕಾದರೆ ಸೆಪ್ಟೆಂಬರ್-ಅಕ್ಟೋಬರ್ ತಿಂಗಳಲ್ಲಿ ಹೂ ಬಿಡಬೇಕು. ಅದಕ್ಕೆಂದು ಕೆಲಕಾಲ ನೀರು ನಿಲ್ಲಿಸಿ, ಗಿಡವನ್ನು ತುಸು ಬಾಡಿಸಿ, ಮತ್ತೆ ಗೊಬ್ಬರ ನೀರು ಕೊಡುತ್ತಾರೆ. ಆ ಹೊತ್ತಿಗೆ ಹಿಂಗಾರಿ ಮಳೆ ಸುರಿದರೆ ಲೆಕ್ಕವೆಲ್ಲ ತಲೆಕೆಳಗು. ಕಜ್ಜಿರೋಗ ತಗುಲಿದರೆ ಹಣ್ಣಿನ ಮೇಲೆ ಹುರುಕು ಎದ್ದು ಬೆಲೆ ಇಳಿಯುತ್ತದೆ. ಬಾವಿ, ಕೊಳವೆಬಾವಿಗಳು ಬತ್ತಿದ ವರ್ಷಗಳಲ್ಲಿ ಟ್ಯಾಂಕರಿನಿಂದ ನೀರು ಕೊಂಡು ಗಿಡ ಉಳಿಸಿಕೊಂಡವರೂ ಈ ಭಾಗದಲ್ಲಿ ಇದ್ದಾರೆ. ಒಂದು ವರ್ಷದ ಬೆಳೆ ಹೋದರೆ ಮರುವರ್ಷ ಬಿತ್ತಬಹುದು. ಮರ ಒಣಗಿದರೆ ಮತ್ತೆ ಐದು ವರ್ಷಗಳ ಬಾಳುವೆಯೇ ಹಿಂದಕ್ಕೆ ಹೋದಂತೆ.

ಹಿತ್ತಲಿನಲ್ಲಿ ಒಂದು ಗಿಡ ಬೇಕೆನ್ನುವ ಗೃಹಿಣಿಯರು ಧಾರಾಳವಾಗಿ ಕಡ್ಡಿಯನ್ನು ನೆಡಬಹುದು. ಬಚ್ಚಲಿನ ನೀರು ಹತ್ತಿರವಿರುವಲ್ಲಿ, ನೀರು ನಿಲ್ಲದಂತೆ ನೋಡಿಕೊಂಡರೆ, ಉಪ್ಪಿನಕಾಯಿಗೂ ಪಾನಕಕ್ಕೂ ಸಾಕಾಗುವಷ್ಟು ಹಣ್ಣನ್ನು ಅದು ಬೇಗನೆ ಕೊಡುತ್ತದೆ. ಬಯಲು ಹೊಲದಲ್ಲಿ ತೋಟ ಹಚ್ಚುವವರ ಲೆಕ್ಕ ಬೇರೆ. ಅವರು ನೆಡುವುದು ಮುಂದಿನ ಇಪ್ಪತ್ತು ವರ್ಷಗಳ ಬರಗಾಲವನ್ನೂ ಎಣಿಸಿ. ನಾವು ಹೊರಡುವ ಹೊತ್ತಿಗೆ ಆ ತಂದೆ ಮಗ ಒಂದು ಒಪ್ಪಂದಕ್ಕೆ ಬಂದಿದ್ದರು: ಎಕರೆಯ ತುಂಬ ಬೀಜದ ಸಸಿ, ಬಾವಿಯ ದಂಡೆಗೆ ಹತ್ತು ಕಡ್ಡಿ ಗಿಡ.